ಆರು ಟುಲಿಪ್ ಹೂಗಳು

ಡ್ಯಾನ್ಯೂಬ್ ದಂಡೆಯ ಆ ಪುಟ್ಟ ಶಾಲೆಯ ಮಕ್ಕಳು ಗಣಿತ, ಭೂಗೋಳಗಳೆರಡನ್ನೂ ಹೂಪಾತಿಯಲ್ಲಿಯೇ ಕಲಿತರೆಂದು ಅಲ್ಲಿಯ ಮುದುಕಿಯರು ಇಂದಿಗೂ ಹೇಳುತ್ತಾರೆ. ಅಂಗಳದ ಪಾತಿ ನದಿಯಂತೆಯೇ ಬಳುಕಿತ್ತು. ಗಡ್ಡೆಗಳ ನಡುವಿನ ಅಂತರವನ್ನು ಮಕ್ಕಳು ಅಡಿಪಟ್ಟಿಯಿಟ್ಟು ಅಳೆದಿದ್ದರು. ಗಣಿತದ ಟೀಚರ್ ರುಮ್ಯಾನಾ, ಭೂಗೋಳದ ಮೇಷ್ಟ್ರು ಆಸೆನ್ ಪಾತಿಯ ಆಚೆ ಈಚೆ ಮಂಡಿಯೂರಿ, ಕಲಿಸುವ ನೆಪದಲ್ಲಿ ಒಬ್ಬರನ್ನೊಬ್ಬರು ಕದ್ದು ನೋಡುತ್ತಲೇ ಆ ವರ್ಷ ಕಳೆದಿದ್ದರು.

ವರ್ಷಗಳ ಹಿಂದೆ ಹಡಗಿನ ಕೆಲಸಕ್ಕೆ ಹೋದ ರುಮ್ಯಾನಾಳ ಗಂಡ ಪ್ಲಾಮೆನ್ ಕಡಲಪಾಲಾದನೆಂದೇ ಊರು ನಂಬಿತ್ತು. ಹೂ ಕೊಯ್ಯುವ ಹಿಂದಿನ ದಿನ ದೂರದ ಬಂದರಿನ ಆಸ್ಪತ್ರೆಯಿಂದ ಅವನ ಫೋನ್ ಬಂದಿತ್ತು.

"ಎರಡೂ ಕಾಲು ಹೋಯ್ತು ಕಣೇ. ನಿನ್ನ ಬಿಟ್ರೆ ನನಗ್ಯಾರಿದಾರೆ?"

ಬರುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಆಸೆನ್‌ಗೆ ಮಾತ್ರ ಇನ್ನೂ ಹೇಳಿರಲಿಲ್ಲ.

ಅಂದು ಹೂ ಕೊಯ್ಯುವ ಪಾಠ.

"ಮಿಲ್ಕಾ, ಟೀಚರ್‌ಗೆ ಎಂಟು ಹೂ ಕೊಡ್ಲಾ?" ಆಸೆನ್ ಬೇಕೆಂದೇ ಕೇಳಿದ.

"ಅಯ್ಯೋ ಸರ್! ಸಮಸಂಖ್ಯೆ ಹೂವು ಗೋರಿಗಲ್ವಾ? ಏಳು ಕೊಡಿ. ಅಷ್ಟೂ ಗೊತ್ತಿಲ್ವಾ ನಿಮಗೆ?" ಆ ಹುಡುಗಿ ಗದರಿದಳು. ಮಕ್ಕಳೆಲ್ಲ ನಕ್ಕರು.

"ಲೆಕ್ಕದಲ್ಲಿ ನಾನು ದಡ್ಡ ಕಣಮ್ಮಾ. ಅದಕ್ಕೇ ಲೆಕ್ಕದ ಟೀಚರ್ ಹಿಂದೆ ಬಿದ್ದಿರೋದು."

ಏಳು ಕೆಂಪು ಟುಲಿಪ್‌ಗಳನ್ನು ರುಮ್ಯಾನಾಳ ಕೈಗಿತ್ತು ದನಿ ತಗ್ಗಿಸಿದ.

"ಈ ಭಾನುವಾರ ನಮ್ಮಮ್ಮನ್ನ ನೋಡೋಕೆ ಬರ್ತೀಯಾ? ಸೊಸೆ ಬರ್ತಾಳೆ ಅಂತ ಹೇಳಿಬಿಡ್ಲಾ?"

ಹೂವಿನ ತಂಪು ಅವಳ ಗಲ್ಲಕ್ಕೆ ತಾಗಿತು. ಅವನ ಹುಬ್ಬಿಗಂಟಿದ ಮಣ್ಣನ್ನು ಒರೆಸಬೇಕೆಂದು ಬೆರಳು ತವಕಿಸಿತು. ತುಟಿಯವರೆಗೆ ಬಂದ "ಹೂಂ" ಅನ್ನು ಅವಳು ಕಚ್ಚಿ ಹಿಡಿದಳು. ಗೊಂಚಲಿನಿಂದ ಒಂದೇ ಒಂದು ಹೂವನ್ನು ಎಳೆದು ಮಿಲ್ಕಾಳಿಗೆ ಕೊಟ್ಟಳು.

ಆಸೆನ್‌ನ ನಗು ಮುಖದಲ್ಲಿಯೇ ನಿಂತುಹೋಯಿತು.

"ಪ್ಲಾಮೆನ್ ಬದುಕಿದಾನೆ," ಎಂದಳು, ಅವನಿಗಷ್ಟೇ ಕೇಳುವಂತೆ. "ಕಾಲಿಲ್ಲ ಅವನಿಗೆ. ನಾಳೆ ಹೊರಡ್ತೀನಿ."

"ನಿನಗೆ... ಹೋಗೋಕೆ ಮನಸ್ಸಿದ್ಯಾ?"

"ಅದೊಂದು ಕೇಳ್ಬೇಡ."

ಮಿಲ್ಕಾ ಹೂವೆತ್ತಿಕೊಂಡು ಓಡಿಬಂದಳು. "ಟೀಚರ್, ಆರಾಗೋಯ್ತು! ಇದನ್ನ ವಾಪಸ್ ಇಟ್ಕೊಳ್ಳಿ, ಲೆಕ್ಕ ತಪ್ಪಿದೆ!"

ಉತ್ತರ ಕೊಟ್ಟವನು ಆಸೆನ್.

"ಇಲ್ಲ ಪುಟ್ಟಿ. ಟೀಚರ್ ಲೆಕ್ಕ ತಪ್ಪಲ್ಲ. ಆ ಹೂವು ನಿನಗೇ."

ಅವಳತ್ತ ತಿರುಗದೆ ಅವನು ಮತ್ತೆ ಪಾತಿಯ ಬಳಿ ಮಂಡಿಯೂರಿ, ನದಿ ಎಲ್ಲಿ ಕಡಲು ಸೇರುತ್ತದೆಂದು ಮಕ್ಕಳಿಗೆ ತೋರಿಸತೊಡಗಿದ. ಅವನು ಒಮ್ಮೆ ತಲೆಯೆತ್ತಿ ನೋಡಿದ್ದರೆ ಸಾಕಿತ್ತು, ಅವಳು ಹೊರಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.