ಕರಿ ಡಬ್ಬಿಯೊಳಗಿನ ಮದುವೆ

ಕುತ್ತಿಗೆಗೆ ಚಾಕು ತಾಗಿದಾಗ ನನ್ನ ಎರಡೂ ಕೈ ಕೆಲಸದಲ್ಲಿದ್ದವು.

ಕಗ್ಗತ್ತಲು. ಬನಹಟ್ಟಿಯ ನಮ್ಮ ಹಳೇ ಸ್ಟುಡಿಯೋದ ಡಾರ್ಕ್ ರೂಮ್. ಹೊರಗೆ ರಣಬಿಸಿಲು, ಓಣಿಯ ತುಂಬ ಮಗ್ಗಗಳ ಸದ್ದು. ನಾನು ಬರುವ ಮೊದಲೇ ಅವನು ಬಂದು ಮೂಲೆಯಲ್ಲಿ ಕೂತಿದ್ದ!

"ಅಕ್ಕಾರ, ಚೀರಬ್ಯಾಡ್ರಿ. ರೋಲ್ ಕೊಡ್ರಿ."

ಅಕ್ಕಾರ! ಚಾಕು ಹಿಡಿದವನಿಗೂ ಮರ್ಯಾದೆ ಇರುತ್ತದೆ, ನಮ್ಮ ಕಡೆ.

"ಯಾರಲೇ ನೀ?"

"ಗುರುಸಿದ್ದ. ಸೋಮಲಿಂಗ ಸಾಹುಕಾರ್ರ ಕಡಿಯಾಂವ. ಲೈಟಿನ ಬಟನ್ ಎಲ್ಲೈತ್ರಿ?"

"ಹಚ್ಚಬ್ಯಾಡ! ಬೆಳಕ ಬಿದ್ರ ಫೋಟೋ ಎಲ್ಲಾ ಸತ್ತು ಹೊಕ್ಕಾವ!"

ಚಾಕು ಕುತ್ತಿಗೆಯಿಂದ ಸರಿಯಿತು.

"ಹೌದ? ಭಾಳ ಛಲೋ ಆತು ಬಿಡ್ರಿ!"

ಧಾರವಾಡದಲ್ಲಿ ಎಂ.ಎ. ಮಾಡಿದವಳು ನಾನು. ವೈರಿಗೆ ಆಯುಧ ನಾನೇ ಕೊಟ್ಟಿದ್ದೆ.

ಅವನು ಗೋಡೆ ತಡಕಾಡಿದ. ನಾನು ಫಿಲ್ಮ್ ಸುತ್ತಿದ ಚಕ್ರವನ್ನು ಕರಿ ಡಬ್ಬಿಗಿಳಿಸಿ ಮುಚ್ಚಳ ತಿರುವಿದೆ. ಲೈಟ್ ಹತ್ತಿತು. ಒಂದು ಉಸಿರು ತಡವಾಗಿ! ಆ ಡಬ್ಬಿಯೊಳಗೆ ಔಷಧ ಹೋಗುತ್ತದೆ, ಬೆಳಕು ಹೋಗುವುದಿಲ್ಲ.

ಗಂಡನ ಟ್ರೈಪಾಡ್ ಎತ್ತಿ ಗುರುಸಿದ್ದನ ಮೊಣಕಾಲಿಗೆ ಬೀಸಿದೆ. ಗಂಡ ಸತ್ತ ಮೇಲೆ ಅದಕ್ಕೆ ಸಿಕ್ಕ ಮೊದಲ ಕೆಲಸ.

"ಯವ್ವಾ!"

ಅವನು ಏಳುವಷ್ಟರಲ್ಲಿ ನಾನು ಬೀದಿಗಿಳಿದಿದ್ದೆ. ಹೆಗಲ ಚೀಲದಲ್ಲಿ ಔಷಧದ ಬಾಟಲಿಗಳು, ಕಂಕುಳಲ್ಲಿ ಡಬ್ಬಿ, ಕೆಳಗೆ ಗಂಡನ ಸ್ಕೂಟರ್.

ವಿಷಯ ಇಷ್ಟು. ಜಮಖಂಡಿಯ ವಕೀಲರಿಗೆ ಕಳೆದುಹೋದ ಸಾಕ್ಷಿ ಹುಡುಕಿಕೊಡುವುದು ನನ್ನ ಹೊಟ್ಟೆಪಾಡು. ಈ ಸಲದ ಸಾಕ್ಷಿ, ಶೇವಂತಿಯ ಮದುವೆ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಸೋಮಲಿಂಗ ಅವಳ ಕೊರಳಿಗೆ ತಾಳಿ ಕಟ್ಟಿದ, ವರ್ಷದೊಳಗೆ ಕೈಬಿಟ್ಟ. ಈಗ ಕೋರ್ಟಿನಲ್ಲಿ, "ಈ ಹೆಂಗಸಿನ ಮಾರಿನೇ ನೋಡಿಲ್ರಿ" ಎನ್ನುತ್ತಾನೆ! ಮದುವೆಯ ಫೋಟೋ ಹೊಡೆದ ಅವಳ ಅಣ್ಣ ಅದೇ ತಿಂಗಳು ತೀರಿಕೊಂಡಿದ್ದ. ರೋಲ್ ಕ್ಯಾಮೆರಾದಲ್ಲೇ ಉಳಿಯಿತು. ಕ್ಯಾಮೆರಾ ಟ್ರಂಕಿನಲ್ಲಿ. ಇಪ್ಪತ್ತೈದು ವರ್ಷ!

ಆ ರೋಲ್ ಸತ್ತರೆ ಶೇವಂತಿ ಯಾರ ಹೆಂಡತಿಯೂ ಅಲ್ಲ. ಅವಳ ಮಗಳು ನಂದಾ ಯಾರ ಮಗಳೂ ಅಲ್ಲ.

ನೂಲಿನ ಗಾಡಿಯೊಂದು ಓಣಿಗೆ ಅಡ್ಡ ಬಂತು. ನಾನು ನುಸುಳಿದೆ. ಹಿಂದೆ ಗುರುಸಿದ್ದನ ಬೈಕ್ ಸಿಕ್ಕಿಬಿತ್ತು. ತಿರುವಿನಲ್ಲಿ ನಿಂತು ಡಬ್ಬಿಗೆ ಚಿತ್ರ ಮೂಡಿಸುವ ಔಷಧ, ಡೆವಲಪರ್, ಸುರಿದೆ. ಇನ್ನು ಅದನ್ನು ಅಲುಗಾಡಿಸುತ್ತಲೇ ಇರಬೇಕು.

ಕಾಲ ಬಳಿ ಡಬ್ಬಿ ಇಟ್ಟುಕೊಂಡು ಜಮಖಂಡಿ ರೋಡಿಗಿಳಿದೆ. ಅಲುಗಾಟದ ಚಿಂತೆ ತಪ್ಪಿತು. ಇಂಥ ತಗ್ಗುಗಳನ್ನು ತೋಡಿಟ್ಟ ಕಂತ್ರಾಟದಾರ ನೂರು ವರ್ಷ ಬಾಳಲಿ!

ಕನ್ನಡಿಯಲ್ಲಿ ಬೈಕ್ ದೊಡ್ಡದಾಗುತ್ತ ಬಂತು.

ಮುಂದೆ ಕಬ್ಬಿನ ಟ್ರ್ಯಾಕ್ಟರ್, ಅದರ ಬಾಲಕ್ಕೆ ಎರಡು ಟ್ರೇಲರ್. ರೋಡ್ ಬಂದ್! ಪಕ್ಕದಲ್ಲಿ ದಾನಮ್ಮನ ಕಬ್ಬಿನ ಹಾಲಿನ ಅಂಗಡಿ. ಇಳಿದೆ. ಡೆವಲಪರ್ ಚೆಲ್ಲಿದೆ, ನೀರು ಹಾಕಿದೆ, ಚೆಲ್ಲಿದೆ, ಮೂಡಿದ ಚಿತ್ರವನ್ನು ಗಟ್ಟಿ ಮಾಡುವ ಫಿಕ್ಸರ್ ಸುರಿದೆ. ಗುರುಸಿದ್ದ ಕುಂಟುತ್ತ ಬಂದ.

"ಡಬ್ಬಿ ತರ್ರಿ ಅಕ್ಕಾರ. ಓಡಿದ್ದು ಸಾಕು."

ಫಿಕ್ಸರ್ ಹತ್ತಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

"ಬಿಸಲಾಗ ಬಂದೀ ತಮ್ಮಾ. ದಾನಮ್ಮಾ, ಇವಂಗೊಂದು ಹಾಲ ಕೊಡ."

ಅವನು ಗ್ಲಾಸನ್ನೂ ನೋಡಿದ, ಚಾಕುವನ್ನೂ ನೋಡಿದ. ಚಾಕು ಕಿಸೆಗಿಳಿಯಿತು.

"ಬರ್ಫ ಬ್ಯಾಡ್ರಿ. ಗಂಟಲ ಹಿಡೀತೈತಿ."

"ಲಿಂಬಿ ಹಿಂಡ್ಲೆನಪಾ?" ದಾನಮ್ಮ ಕೇಳಿದಳು.

"ಹಿಂಡ್ರಿ."

ದೇವರಿದ್ದಾನೆ! ಅವನು ಹನಿ ಹನಿ ಸವಿದು ಕುಡಿದ. ನಾನು ಡಬ್ಬಿ ಅಲುಗಿಸುತ್ತ ನಿಂತೆ. ಗ್ಲಾಸ್ ಕೆಳಗಿಟ್ಟು ಕೈ ಚಾಚಿದ.

ಡಬ್ಬಿಯನ್ನು ಎದೆಗವಚಿಕೊಂಡು ಅರಚಿದೆ. "ಬ್ಯಾಡೋ ಯಪ್ಪಾ! ಮುಚ್ಚಳ ತಗೀಬ್ಯಾಡ! ಬಿಸಲಿಗೆ ಹಿಡದ್ರ ಮುಗದ ಹೋಕೈತಿ!"

ಹಲ್ಲು ಕಿರಿದು ಡಬ್ಬಿ ಕಿತ್ತುಕೊಂಡ. ಮುಚ್ಚಳ ಬಿಚ್ಚಿದ. ಔಷಧ ಅವನ ಪ್ಯಾಂಟಿಗೆ ಬಿತ್ತು. ಫಿಲ್ಮನ್ನು ಉದ್ದಕ್ಕೆ ಎಳೆದು ಸೂರ್ಯನಿಗೆ ಹಿಡಿದ. ಕಣ್ಣರಳಿತು.

"ಸುಟ್ಟಾವ ನೋಡ್ರಿ! ಒಂದ ಮಾರಿ ಉಳದಿಲ್ಲ!"

ನೆಲಕ್ಕೆ ಬಿಸಾಡಿದ. ನಾನು ಅಳುತ್ತ ಎತ್ತಿಕೊಂಡೆ. ಗಂಡನಿಗಾಗಿ ಅತ್ತು ಮುಗಿಸಿದ ಮೇಲೆ ಅಳುವುದು ನನಗೆ ಕಷ್ಟ. ಆದರೂ ಅಳು ಚೆನ್ನಾಗಿಯೇ ಬಂತು.

ಅವನು ಬೆನ್ನು ತಿರುಗಿಸಿ ಫೋನ್ ಹಚ್ಚಿದ. ನಾನು ಅವನ ಬೈಕಿನ ಕೀಲಿ ತೆಗೆದು ಕಬ್ಬಿನ ಸಿಪ್ಪೆಯ ರಾಶಿಗೆ ಎಸೆದೆ. ದಾನಮ್ಮ ನೋಡಿದಳು. ನೋಡದವಳಂತೆ ಇನ್ನೊಂದು ಕಬ್ಬು ಗಾಣಕ್ಕೆ ಕೊಟ್ಟಳು.

"ಸಾಹುಕಾರ್ರ, ಕೆಲಸಾ ಆತ್ರಿ! ಮಾರಿ ಎಲ್ಲಾ ಕರ್ರಗ ಆಗ್ಯಾವ. ಕೂದ್ಲ ಬೆಳ್ಳಗ! ದೆವ್ವ ನೋಡ್ಧಂಗ ಆತ್ರಿ!"

ಫೋನಿನೊಳಗಿಂದ ಇಡೀ ಅಂಗಡಿಗೆ ಕೇಳುವಂತೆ ಸೋಮಲಿಂಗ ಒದರಿದ.

"ಲೇ ಹುಚ್ಚ ನನ್ಮಗನ! ಅದು ನೆಗೆಟಿವ್ ಲೇ! ನೆಗೆಟಿವ್ ಹಂಗ ಇರತೈತಿ!"

ಪಾಪ, ಗುರುಸಿದ್ದ ಹುಟ್ಟಿ ಬುದ್ಧಿ ಬಂದಾಗಿನಿಂದ ಫೋಟೋ ನೋಡಿದ್ದು ಮೊಬೈಲಿನಲ್ಲಿ. ಫಿಕ್ಸರ್ ಕುಡಿದ ಫಿಲ್ಮಿಗೆ ಸೂರ್ಯನೂ ಏನೂ ಮಾಡಲಾರ ಎಂದು ಅವನಿಗೆ ಹೇಳಿದವರಿಲ್ಲ. ನಾನಂತೂ ಹೇಳಿರಲಿಲ್ಲ.

ಟ್ರ್ಯಾಕ್ಟರ್ ಸರಿದಿತ್ತು. ನನ್ನ ಸ್ಕೂಟರೂ ಸರಿಯಿತು.

ಜಮಖಂಡಿ ಕೋರ್ಟಿನ ನಲ್ಲಿಯಲ್ಲಿ ಫಿಲ್ಮ್ ತೊಳೆದು, ಅಲ್ಲೇ ಕಾಯುತ್ತಿದ್ದ ಶೇವಂತಿಯ ಕೈಗಿಟ್ಟೆ. ಮಂಜು ಮಂಜಾಗಿತ್ತು, ಆದರೂ ಇತ್ತು. ಅಣ್ಣ ಚೆನ್ನಾಗಿಯೇ ಹೊಡೆದಿದ್ದ. ಬಾಸಿಂಗ ಕಟ್ಟಿಕೊಂಡ ಸೋಮಲಿಂಗ, ಅವನ ಕೈಯಲ್ಲಿ ತಾಳಿ, ಮುಂದೆ ತಲೆ ಬಗ್ಗಿಸಿದ ಶೇವಂತಿ.

ಅವಳು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇವನ ಮಾರಿ ಯಾಕ್ರೀ ಇಷ್ಟು ಕರ್ರಗೈತಿ?"

"ಪ್ರಿಂಟ್ ಹಾಕಿದ್ರ ಬೆಳ್ಳಗ ಬರತೈತಿ, ಅಕ್ಕಾ."

"ವಕೀಲರಿಗೆ ಹಾಕಿಸಿ ಕೊಡ್ರಿ," ಎಂದಳು ಶೇವಂತಿ. "ನನಗ ಇದ ಇರಲಿ. ಇದರಾಗ ಖರೆ ಬಣ್ಣ ಬಂದೈತಿ."