ಇಳಿದ ಬಣ್ಣ

ಸ್ಪ್ರೇ ಗನ್ನನ್ನು ಹೂಗಿಡಕ್ಕೆ ನೀರು ಹಾಕುವವನಂತೆ ಹಿಡಿಯುವವನನ್ನು ಏನೆಂದು ಕರೆಯಬೇಕು? ಪತ್ರಿಕೆಯವರು ಕಲಾವಿದ ಎನ್ನುತ್ತಿದ್ದರು. ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಅವಳು ಮಾತ್ರ ದಂಡಪಿಂಡ ಎಂದು ಮೂಗು ಮುರಿಯುತ್ತಿದ್ದಳು.

ಕುಂಚದ ಕಾಲ ಮುಗಿಯಿತಂತೆ, ಇನ್ನೇನಿದ್ದರೂ ಯಂತ್ರದ ಕಾಲವಂತೆ. ಹಾಗೆಂದು ಅವನು ಗ್ಯಾರೇಜಿನ ಯಜಮಾನನಾದ ಅವಳಪ್ಪನ ಮುಂದೆ ಬಡಾಯಿ ಕೊಚ್ಚಿ ಅಲ್ಲಿನ ಒಂದು ಮೂಲೆಯನ್ನೂ ಕಂಪ್ರೆಸರನ್ನೂ ಗಿಟ್ಟಿಸಿಕೊಂಡಿದ್ದ. ಮೂರು ತಿಂಗಳಿಂದ ಆಳೆತ್ತರದ ಒಂದೇ ತಗಡಿನ ಮುಂದೆ ಅವನ ಸರ್ಕಸ್.

"ಗನ್ ಒಂದೇ ಕಡೆ ಹಿಡಿದ್ರೆ ಬಣ್ಣ ಸೋರಿ ಕೆಳಗೆ ಇಳಿಯುತ್ತೆ ಸ್ವಾಮಿ!" ಎಂದು ಅವಳು ರೇಗಿದಳು.

"ಇಳೀಲಿ ಅಂತಾನೇ ಹಿಡಿದಿರೋದು, ಮೇಸ್ತ್ರಿ."

ಅವನು ತಿರುಗಿ ನಕ್ಕ. ಕೆನ್ನೆಯ ಮೇಲೊಂದು ಕೆಂಪು ಚುಕ್ಕೆ. ಒರೆಸಲು ಅವಳ ಕೈ ಮುಂದಾಯಿತು. ಥೂ, ನನಗೇನು ಬಂತು ಎಂದು ತನ್ನನ್ನೇ ಬೈದುಕೊಂಡಳು.

ಅವನ ಚಿತ್ರದ ಪ್ರದರ್ಶನಕ್ಕೆ ಎರಡು ದಿನವಿರುವಾಗ ಅವನು ಹಾಲ್ ನೋಡಿಬರಲು ಹೋದ. ಅವಳು ತಗಡಿನ ಮುಂದೆ ನಿಂತಳು. ಮೇಲಿಂದ ಕೆಳಗೆ ಬರೀ ಇಳಿದ ಬಣ್ಣ. ಇದನ್ನು ನೋಡಿ ನಾಲ್ಕು ಜನ ಹಲ್ಲು ಕಿರಿದರೆ? ಹಳೆ ಬಣ್ಣ ಉಜ್ಜುವ ವಾಟರ್ ಪೇಪರ್ ತೆಗೆದುಕೊಂಡು ಎಲ್ಲ ಸಪಾಟಾಗುವವರೆಗೆ ಉಜ್ಜಿದಳು. ನೀಲಿ ಬಣ್ಣ ಮೂರು ಸಲ ಹೊಡೆದು, ಹೊಸ ಕಾರಿನ ಬಾಗಿಲಿನಂತೆ ಫಳಫಳ ಮಾಡಿಟ್ಟಳು.

ಮರುದಿನ ಬೆಳಿಗ್ಗೆ ಬಂದವನು ನಿಂತಲ್ಲೇ ನಿಂತ. ತಗಡಿನಲ್ಲಿ ಅವನದೇ ಬಿಳಿಚಿದ ಮುಖ ಕಾಣುತ್ತಿತ್ತು.

"ನನ್ನ ಚಿತ್ರ ಎಲ್ಲಿ?"

"ರಿಪೇರಿ ಮಾಡ್ದೆ."

"ಮೂರು ತಿಂಗಳ ಕೆಲಸ! ಯಾರು ಕೇಳಿದ್ರು ನಿಮ್ಮನ್ನ?"

ಅವನು ದನಿ ಎತ್ತಿದ್ದನ್ನು ಅವಳು ಕೇಳಿದ್ದೇ ಮೊದಲು. ಅವಳ ಜಂಬವೆಲ್ಲ ಜರ್ರನೆ ಇಳಿಯಿತು.

"ಹಾಗೇ ಬಿಟ್ಟಿದ್ರೆ ಜನ ನಿಮ್ಮನ್ನ ನೋಡಿ ನಗ್ತಿದ್ರು."

"ನೀವೇ ದಿನಾ ನಗ್ತೀರಲ್ಲ!"

"ನಾನು ನಗಬಹುದು. ಬೇರೆಯವರು ನಗೋ ಹಾಗಿಲ್ಲ." ಅವಳು ಅವನತ್ತ ಒಂದು ಹೆಜ್ಜೆ ಇಟ್ಟಳು. "ದಂಡಪಿಂಡ ಆದ್ರೂ ನೀವು ನನಗೆ ಬೇಕು. ಸಾಕಾ?"

ಅವನು ಗನ್ನಿಗೆ ಕೆಂಪು ಬಣ್ಣ ತುಂಬಿ ತಂದು ಅವಳ ಕೈಗಿಟ್ಟ.

"ಹಾಳು ಮಾಡಿದವರೇ ಸರಿ ಮಾಡ್ಬೇಕು. ಇನ್ನೂ ಒಂದು ದಿನ ಇದೆ."

"ನನ್ನ ಕೈಲಿ ಆಗಲ್ಲ. ಹತ್ತು ವರ್ಷದಲ್ಲಿ ಒಂದು ಹನಿ ಇಳಿಸಿಲ್ಲ ನಾನು."

"ನಾನೂ ಹಿಡ್ಕೋತೀನಿ."

ಅವನ ಕೈ ಅವಳ ಕೈಯ ಮೇಲೆ ಬಂತು. ಅವಳು ಗನ್ನನ್ನು ಒಂದೇ ಕಡೆ ಹಿಡಿದಳು. ಕೆಂಪು ದಪ್ಪಗಾಯಿತು, ತುಂಬಿತು, ಜಾರಿತು.

"ಥೂ, ಎಷ್ಟು ಅಸಹ್ಯವಾಗಿದೆ," ಎಂದಳು. ಒರೆಸಲಿಲ್ಲ.