ಆಮೆಗಳ ಲೈನ್‌ಮನ್

ಟ್ರಕ್ಕು ಎರಡನೇ ಸಲ ಗುದ್ದಿತು!

ನನ್ನ ಹಣೆ ಸ್ಟೀರಿಂಗಿಗೆ ಬಡಿಯಿತು. ಬಾಯಲ್ಲಿ ರಕ್ತದ ರುಚಿ. ಹಿಂದಿನ ಗಾಜು ಆಗಲೇ ಜೇಡರಬಲೆಯಂತೆ ಬಿರುಕು ಬಿಟ್ಟಿತ್ತು.

"ತಲೆ ಬಗ್ಸೋ ಜೆರಿಕೊ!" ಎಂದು ಕಿರುಚಿದೆ.

ಹಿಂದಿನ ಸೀಟಿನ ಹುಡುಗ ತಲೆ ಬಗ್ಗಿಸಲಿಲ್ಲ. ಬಗ್ಗಿಸಲು ಅಲ್ಲಿ ಜಾಗವೂ ಇರಲಿಲ್ಲ. ಮೂರು ಆಳು ಕೂರುವ ಸೀಟು... ಅವನೊಬ್ಬನಿಗೇ ಸಾಲದು! ತೊಡೆಯ ಮೇಲೆ ಕರಿದ ಕೋಳಿಯ ಡಬ್ಬ. ಒಂದು ಕಾಲು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ. ಕಿಟಕಿಯಾಚೆ ನೋಡಿದ.

ಮಾತಿಲ್ಲ.

ಮೂರು ದಿನದಿಂದಲೂ ಅವನು ಮಾತಾಡಿರಲಿಲ್ಲ.

ಟ್ರಕ್ಕು ಮೂರನೇ ಸಲ ಗುದ್ದುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಅಷ್ಟರಲ್ಲಿ ನಾನು ಯಾರೆಂದು ಹೇಳಿಬಿಡುತ್ತೇನೆ, ಕೇಳಿ.

ಹೆಸರು ಡೆವಿಟ್ ಪರ್ಸೆಲ್. ಮೊದಲು ಪೊಲೀಸ್. ಆಮೇಲೆ ಹ್ಯಾಚೆಟ್ ರಿವರ್ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ 'ಆಟಗಾರರ ಕ್ಷೇಮಾಧಿಕಾರಿ'. ಹೆಸರಿಗೆ ಕ್ಷೇಮ. ಕೆಲಸವೆಂದರೆ ಹೈಸ್ಕೂಲಿನ ಒಳ್ಳೆಯ ಹುಡುಗರನ್ನು ಹಿಡಿದು ತರುವುದು, ಬೇರೆ ಕಾಲೇಜಿನವರು ಅವರನ್ನು ಹಿಡಿಯದಂತೆ ನೋಡಿಕೊಳ್ಳುವುದು.

ನಮ್ಮ ತಂಡದ ಹೆಸರು ಆಮೆಗಳು.

ಆ ವರ್ಷ ಹನ್ನೆರಡು ಪಂದ್ಯ ಆಡಿದೆವು. ಮೂರು ಗೆದ್ದೆವು. ನಮ್ಮ ಕೈಯಲ್ಲಿ ಸೋಲಲೆಂದೇ ಹಣ ಕೊಟ್ಟು ಕರೆಸಿದ್ದ ಒಂದು ಪುಟ್ಟ ಕಾಲೇಜು ನಮ್ಮನ್ನು ಚಚ್ಚಿ ಹಾಕಿ, ಚೆಕ್ಕು ಜೇಬಿಗಿಳಿಸಿ, ಮಿಕ್ಕ ಊಟವನ್ನೂ ಕಟ್ಟಿಸಿಕೊಂಡು ಹೋಯಿತು! ನಮ್ಮ ಅಲಬಾಮಾದಲ್ಲಿ ಇಂಥ ಸೋಲು ಸಾವಿಗಿಂತ ದೊಡ್ಡದು. ಸತ್ತವರ ಮನೆಗಾದರೂ ಅಕ್ಕಪಕ್ಕದವರು ಅಡುಗೆ ಮಾಡಿ ಕಳಿಸುತ್ತಾರೆ.

ಉಳಿದಿದ್ದ ಆಸೆ ಒಂದೇ. ಮುಂದಿನ ವರ್ಷದ ಹೊಸ ಹುಡುಗರು. ಆ ಗುಂಪಿನ ಕಿರೀಟ ಜೆರಿಕೊ ಗಿಲಿಯಾರ್ಡ್. ಐದು ಸ್ಟಾರಿನ ಹುಡುಗ! ಸ್ಟಾರ್ ಕೊಡುವವರು ಮೈದಾನಕ್ಕೆ ಇಳಿದವರಲ್ಲ. ಕಂಪ್ಯೂಟರಿನ ಮುಂದೆ ಕೂತು ಕೊಡುತ್ತಾರೆ. ನಾವು ನಂಬುತ್ತೇವೆ.

ಜೆರಿಕೊ ಲೈನ್‌ಮನ್. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ; ಲೈನ್‌ಮನ್ ಅಂದರೆ ಆ ಚೆಂಡು ಮುಟ್ಟುವವನಲ್ಲ. ಮುಂದಿನ ಸಾಲಿನಲ್ಲಿ ಗೋಡೆಯಂತೆ ನಿಂತು ಎದುರಾಳಿಯನ್ನು ತಡೆಯುವವನು.

ಅವನಿಗಾಗಿ ಹನ್ನೊಂದು ಕಾಲೇಜುಗಳ ಕೋಚ್‌ಗಳು ಅವನ ಅಜ್ಜಿ ಮಿಸ್ ಆರ್ನೆಟಾ ಅವರ ಮನೆಗೆ ಬಂದು ಹೋಗಿದ್ದರು. ಒಬ್ಬ ಅವರ ಚರ್ಚಿನಲ್ಲಿ ಹಾಡಿದ. ಇನ್ನೊಬ್ಬ ಪಾತ್ರೆ ತೊಳೆದ. ನಮ್ಮ ಕೋಚ್ ಬ್ಲಾಲಾಕ್ ಅಡುಗೆಮನೆಯಲ್ಲಿ ಅಜ್ಜಿಯ ಜೊತೆ ಕುಣಿದೇಬಿಟ್ಟರು. ಸೊಂಟ ಹಿಡಿದುಕೊಂಡಿತು... ಅಜ್ಜಿಯದಲ್ಲ.

ಎಲ್ಲರ ಪ್ರಶ್ನೆಯೂ ಒಂದೇ.

"ಮುಂದೆ ಏನಾಗ್ಬೇಕು ಅಂತಿದೀಯಾ ಮಗಾ?"

"ಲೈನ್‌ಮನ್, ಸಾರ್."

ಕೋಚ್‌ಗಳ ಕಣ್ಣಲ್ಲಿ ನೀರು!

"ನಮ್ಮ ಕಾಲೇಜಿಗೇ ಬರ್ತೀಯಾ ತಾನೇ?"

ಮೌನ.

ಮೌನಂ ಸಮ್ಮತಿ ಲಕ್ಷಣಂ. ನಮ್ಮ ದಂಧೆಯಲ್ಲಿ ಬಾಯಿಬಿಡದ ಒಪ್ಪಿಗೆಗೂ ಬೆಲೆಯಿದೆ. ಹನ್ನೊಂದು ಜನವೂ ಹುಡುಗ ತಮ್ಮವನೇ ಎಂದುಕೊಂಡು ಹೊರಟರು.

ಇವತ್ತು ಮಧ್ಯಾಹ್ನ ಅವನ ಶಾಲೆಯಲ್ಲಿ, ಟೀವಿ ಕ್ಯಾಮರಾಗಳ ಮುಂದೆ, ಆರಿಸಿಕೊಂಡ ಕಾಲೇಜಿನ ಟೋಪಿಯನ್ನು ಅವನು ತಲೆಗೆ ಹಾಕಿಕೊಳ್ಳಬೇಕು. ಅಲ್ಲಿಯವರೆಗೆ ಅವನ ನೆರಳೂ ಯಾರಿಗೂ ಕಾಣಬಾರದೆಂದು ಕೋಚ್ ಅಪ್ಪಣೆ. ಮೂರು ದಿನ ಕೆರೆಯಂಚಿನ ಒಂದು ಗುಡಿಸಲಿನಲ್ಲಿಟ್ಟು ಕಾಯ್ದು, ಈಗ ಶಾಲೆಗೆ ಕರೆದೊಯ್ಯುತ್ತಿದ್ದೆ. ಹಸಿರು ಆಮೆ ಟೋಪಿ ಅವನ ತಲೆಗೇರದಿದ್ದರೆ ಕೋಚ್‌ಗೆ ಕೆಲಸ ಹೋಗುತ್ತದೆ. ಕೆಲಸ ಹೋದ ಕೋಚ್‌ಗೆ ಸುಮ್ಮನೆ ಮನೆಯಲ್ಲಿ ಕೂತದ್ದಕ್ಕೆ ಲಕ್ಷ ಲಕ್ಷ ಡಾಲರ್ ಕೊಡಬೇಕೆಂದು ಕರಾರಿದೆ.

ನನಗೆ ಕೆಲಸ ಹೋದರೆ... ಸಾಮಾನು ತುಂಬಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ.

ಧಡಾರ್!

ಮೂರನೇ ಗುದ್ದು!

ಎಡಕ್ಕೆ ಮೀನಿನ ಹೊಂಡ. ಬಲಕ್ಕೆ ಮೀನಿನ ಹೊಂಡ. ನಡುವೆ ಒಂದು ಮಣ್ಣಿನ ಏರಿ. ಸ್ಟೀರಿಂಗನ್ನು ಕಿತ್ತು ಬರುವಂತೆ ತಿರುಗಿಸಿದೆ. ನನ್ನ ಗಾಡಿ ಎರಡು ಚಕ್ರದ ಮೇಲೆ ತಿರುಗಿ ಏರಿ ಹತ್ತಿತು.

ಹಿಂದಿನ ಟ್ರಕ್ಕು ತಿರುಗಲಿಲ್ಲ.

ನೇರವಾಗಿ ಹೋಗಿ ಕರೆಂಟ್ ಕಂಬಕ್ಕೆ ಗುದ್ದಿತು. ಕಂಬ ಮುರಿಯಿತು. ಮೇಲಿಂದ ಏನೋ ಚಟ್ ಎಂದಿತು!

ನಿಲ್ಲಿಸಿದೆ. ಸೀಟಿನಡಿಯ ಸಲಾಕೆ ಎಳೆದುಕೊಂಡೆ. ಇಳಿದೆ. ಓಡಿದೆ. ಇವತ್ತು ಆ ಡ್ರೈವರಿನ ಹಲ್ಲು ಉದುರಿಸದೆ ಬಿಡುವುದಿಲ್ಲ...

ಕಾಲು ನೆಲ ಬಿಟ್ಟಿತು!

ಹಿಂದಿನಿಂದ ಒಂದು ಕೈ ನನ್ನ ಕಾಲರ್ ಹಿಡಿದು ಬೆಕ್ಕಿನ ಮರಿಯನ್ನು ಎತ್ತುವಂತೆ ಎತ್ತಿತ್ತು.

"ಹೋಗ್ಬೇಡಿ ಸಾರ್. ತಂತಿ ಬಿದ್ದಿದೆ."

ಮೂರು ದಿನದಲ್ಲಿ ಜೆರಿಕೊ ಆಡಿದ ಮೊದಲ ಮಾತು.

ನೋಡಿದೆ. ತಂತಿ ಟ್ರಕ್ಕಿನ ಬಾನೆಟ್ಟಿನ ಮೇಲಿಂದ ಇಳಿದು ಹುಲ್ಲಿನಲ್ಲಿ ಮಲಗಿತ್ತು. ನಾನು ಕಾಲಿಡಬೇಕಿದ್ದ ಜಾಗಕ್ಕೆ ತೀರಾ ಹತ್ತಿರ.

"ಕಿಡಿನೇ ಇಲ್ವಲ್ಲೋ!"

"ಇಲ್ದೇ ಇದ್ರೂ ಕೊಲ್ಲುತ್ತೆ ಸಾರ್."

ತಂತಿಯಡಿಯ ಹುಲ್ಲು ಸದ್ದಿಲ್ಲದೆ ಕಪ್ಪಾಗುತ್ತಿತ್ತು. ನನ್ನ ಕೈಯ ಸಲಾಕೆ ಜಾರಿ ಬಿತ್ತು.

ಜೆರಿಕೊ ಟ್ರಕ್ಕಿನ ಕಡೆಗೆ ಕೂಗಿದ. "ಒಳಗೇ ಇರಿ! ಕಾಲು ಕೆಳಗಿಟ್ರೆ ಸತ್ರಿ! ಕರೆಂಟಿನವ್ರು ಬರೋ ತನಕ ಅಲ್ಲಾಡ್ಬೇಡಿ!"

ಕಿಟಕಿಯಲ್ಲಿ ಒಂದು ದುಂಡು ಮುಖ ಕಾಣಿಸಿತು. ಬೆವರಿನಲ್ಲಿ ಮಿಂದಿತ್ತು.

"ಸ್ಕೀಟರ್?!"

ಸ್ಕೀಟರ್ ಅಂದರೆ ನಮ್ಮ ಕಡೆ ಸೊಳ್ಳೆ. ಎಮ್ಮೆಯ ಗಾತ್ರದ ಈ ಆಸಾಮಿಗೆ ಯಾರೋ ಇಟ್ಟ ಅಡ್ಡಹೆಸರು. ನಮ್ಮ ಕೋಚ್ ಬ್ಲಾಲಾಕ್ ಅವರ ಬಲಗೈ!

"ಪರ್ಸೆಲ್... ಚೆನ್ನಾಗಿದೀಯಾ?"

"ಯಾಕೋ ಗುದ್ದಿದೆ ನನ್ನ?"

"ಹುಡುಗನ್ನ ಕರ್ಕೊಂಡ್ಬಾ ಅಂದ್ರು."

"ಯಾರು?"

"ಕೋಚ್."

"ಯಾವ ಕೋಚ್?"

"ನಮ್ ಕೋಚ್!"

"ನಮ್ ಕೋಚೇ ಅಲ್ವೇನೋ ಹುಡುಗನ್ನ ನನ್ ಕೈಗೆ ಕೊಟ್ಟಿದ್ದು?"

"ಅದು ನಿನ್ನೆ ಕೋಚ್ ಕಣೋ. ಇವತ್ತಿನವ್ರು ಬೇರೆ."

ಆಗ ಕಂಡಿತು ಅವನ ಜಾಕೆಟ್. ಕೇಸರಿ ಬಣ್ಣ. ಎದೆಯ ಮೇಲೆ ದೊಡ್ಡ ಕೊಕ್ಕಿನ ಹಕ್ಕಿ. ಪೋರ್ಟ್ ಡೆಲ್ಮಾರ್ ಕಾಲೇಜಿನ ಹೆಜ್ಜಾರ್ಲೆಗಳು... ನಮ್ಮ ಹುಟ್ಟುವೈರಿಗಳು! ತೋಳಿನಲ್ಲಿ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

ಫೋನ್ ಬಡಿದುಕೊಂಡಿತು. ಕೋಚ್ ಬ್ಲಾಲಾಕ್.

"ಡೆವಿಟ್! ಹುಡುಗ ಹೆಂಗಿದಾನೆ?"

"ಚೆನ್ನಾಗಿದಾನೆ. ಸ್ಕೀಟರ್ ಅಷ್ಟು ಚೆನ್ನಾಗಿಲ್ಲ."

"ನೋಡು... ದೇವರು ನಂಗೊಂದು ಬಾಗಿಲು ತೆಗ್ದಿದಾನೆ."

"ಎಷ್ಟು ವರ್ಷದ ಕರಾರಿನ ಬಾಗಿಲು?"

"ಏಳು."

"ಮೊನ್ನೆ ಮಿಸ್ ಆರ್ನೆಟಾ ಮುಂದೆ ಬೈಬಲ್ ಮುಟ್ಟಿದ್ರಿ. ಮೊಮ್ಮಗನ ಓದು ಮುಗಿಯೋ ತನಕ ಆಮೆಗಳನ್ನ ಬಿಡಲ್ಲ ಅಂದ್ರಿ."

"ಮನಸಲ್ಲಿ ಈಗ್ಲೂ ಆಮೆನೇ ಕಣಯ್ಯಾ! ದೇಹ ಮಾತ್ರ ಹೆಜ್ಜಾರ್ಲೆ." ಗಂಟಲು ಸರಿಮಾಡಿಕೊಂಡರು. "ಕೇಸರಿ ಟೋಪಿ ಹಾಕ್ಸು. ನಿಂಗೂ ಇಲ್ಲೊಂದು ಕುರ್ಚಿ ಇದೆ. ಹಾಕ್ಸದೇ ಹೋದ್ರೆ... ಆ ಹೊಂಡಗಳಲ್ಲಿ ಮೀನಿಗೆ ಏನು ಹಾಕ್ತಾರೆ ಅಂತ ಯಾರೂ ಕೇಳಲ್ಲ."

ಇಟ್ಟೆ. ಮತ್ತೆ ಬಡಿದುಕೊಂಡಿತು. ಈ ಸಲ ಥ್ಯಾಕ್ಸ್ಟನ್. ಕೋಳಿ ಕಾರ್ಖಾನೆಗಳ ಒಡೆಯ. ನಮ್ಮ ತಂಡದ ಅನ್ನದಾತ. ಎಂದೂ ದನಿಯೇರಿಸದ ಮನುಷ್ಯ.

"ಪರ್ಸೆಲ್, ಕೋಚ್ ಓಡಿಹೋದ. ಹೋಗ್ಲಿ. ಹುಡುಗ ಓಡಿಹೋಗ್ಬಾರ್ದು."

"ಸರಿ ಸಾರ್."

"ನನ್ ಕಾರ್ಖಾನೆಲಿ ದಿನಕ್ಕೆ ಎಷ್ಟು ಕೋಳಿ ಕುಯ್ತಾರೆ ಗೊತ್ತಾ?"

"ಗೊತ್ತಿಲ್ಲ ಸಾರ್."

"ನಂಗೂ ಗೊತ್ತಿಲ್ಲ. ಒಂದು ಹೆಚ್ಚಾದ್ರೆ ಯಾರಿಗೂ ಗೊತ್ತಾಗಲ್ಲ."

ಹಸಿರು ಟೋಪಿ ಹಾಕಿದರೆ ಮೀನಿಗೆ ಆಹಾರ. ಕೇಸರಿ ಹಾಕಿದರೆ ಕೋಳಿಗಳ ಜೊತೆ ಕತ್ತಿಗೆ!

ಅಷ್ಟರಲ್ಲಿ ಕರೆಂಟಿನವರ ಲಾರಿ ಬಂತು. ಅದರ ಬೆನ್ನ ಮೇಲೆ ಮಡಚಿಟ್ಟ ಉದ್ದನೆಯ ತೋಳು, ತುದಿಯಲ್ಲಿ ಆಳು ನಿಲ್ಲುವ ತೊಟ್ಟಿ. ಜೆರಿಕೊ ಅದನ್ನು ನೋಡಿದ. ಆ ಮುಖವನ್ನು ನಾನು ಮರೆಯಲಾರೆ. ಹನ್ನೊಂದು ಕೋಚ್‌ಗಳು ಹಾಡಿ, ಕುಣಿದು, ಪಾತ್ರೆ ತೊಳೆದು ನೋಡಬಯಸಿದ್ದು ಅದೇ ಬೆಳಕನ್ನು.

ಅವರು ಕರೆಂಟ್ ಕಡಿದರು. ಸ್ಕೀಟರ್ ನಡುಗುತ್ತಾ ಇಳಿದ. ಪ್ಯಾಂಟ್ ಒದ್ದೆಯಾಗಿತ್ತು. ಹಳದಿ ಹೆಲ್ಮೆಟ್ಟಿನ ಮೇಸ್ತ್ರಿ, ಒಬ್ಬ ಒಣಕಲು ಮುದುಕ, ಕೇಳಿದ.

"ಇವನಿಗೆ ಒಳಗೇ ಕೂರು ಅಂದೋರು ಯಾರು?"

"ನಾನು ಸಾರ್."

ಮೇಸ್ತ್ರಿ ಕತ್ತೆತ್ತಿ ಅವನನ್ನು ಪೂರ್ತಿ ನೋಡಿ ಮುಗಿಸಿದ. "ಏನಾಗ್ಬೇಕು ಅಂತಿದೀಯಾ ನೀನು?"

"ಲೈನ್‌ಮನ್, ಸಾರ್."

"ಯಾವ ಥರದ್ದು? ಕಂಬ ಹತ್ತೋನಾ, ಕಂಬದ ಥರ ನಿಲ್ಲೋನಾ?"

ಆ ಪ್ರಶ್ನೆಯನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಹತ್ತೋನು ಸಾರ್."

ಹೊಂಡದಲ್ಲಿ ಒಂದು ಮೀನು ಎಗರಿ ಬಿತ್ತು.

"ನೀನು ಹತ್ತಿದ್ರೆ ಕಂಬಾನೇ ರಜೆ ಹಾಕುತ್ತೆ ಕಣಪ್ಪಾ!" ಮೇಸ್ತ್ರಿ ನಕ್ಕ. "ಮೈ ಇಳಿಸ್ಕೊಂಡು ಬಾ. ತರಬೇತಿ ಶಾಲೆಲಿ ನಾನೇ ಇರ್ತೀನಿ."

ಜೆರಿಕೊ ಗಾಡಿಗೆ ಹೋದ. ಕೋಳಿಯ ಡಬ್ಬ ತಂದು ಸ್ಕೀಟರ್ ಕೈಗಿಟ್ಟ.

ಗಾಡಿಯನ್ನು ಶಾಲೆಯ ದಾರಿಗೆ ತಿರುಗಿಸಿದೆ. ಪೊಲೀಸ್ ಕೆಲಸದಲ್ಲಿ ನಾನು ಎಷ್ಟೋ ಮೌನಗಳನ್ನು ಕಂಡಿದ್ದೆ. ಕಳ್ಳನದು, ಹೆದರಿದವನದು, ಹೆಣದ ಮುಂದೆ ಕೂತ ತಾಯಿಯದು. ಯಾವುದು ಏನೆಂದು ಕಿವಿಗೇ ತಿಳಿಯುತ್ತಿತ್ತು. ಈ ಹುಡುಗನದನ್ನು ಮಾತ್ರ ಕೇಳಿಸಿಕೊಂಡಿರಲಿಲ್ಲ. ಒಪ್ಪಿದ್ದಾನೆಂದುಕೊಂಡು ನಾನೇ ಅದರೊಳಗೆ ಒಂದು ಆಮೆಯನ್ನು ಕೂರಿಸಿ ಬಾಗಿಲು ಹಾಕಿದ್ದೆ.

"ಅಷ್ಟು ಜನ ಬಂದ್ರಲ್ಲೋ. ಯಾಕೆ ಹೇಳ್ಲಿಲ್ಲ?"

"ಹೇಳ್ದೆನಲ್ಲ ಸಾರ್."

ಹೌದು. ಹೇಳಿದ್ದ.

"ಸುಂಟರಗಾಳಿ ವರ್ಷ ನಮ್ಮೂರೆಲ್ಲ ಕತ್ಲು," ಎಂದ ನಿಧಾನವಾಗಿ. "ಅಜ್ಜಿ ಉಸಿರಾಟದ ಮಿಷನ್ ನಿಂತೋಯ್ತು. ಪಕ್ಕದ ರಾಜ್ಯದಿಂದ ಬಂದ್ರು ಈ ಕರೆಂಟಿನವ್ರು. ಜನ ರಸ್ತೇಲಿ ನಿಂತು ಚಪ್ಪಾಳೆ ತಟ್ಟಿದ್ರು ಸಾರ್. ಯಾರನ್ನೂ ಕೆಡವದೇ ಇರೋರಿಗೆ ಚಪ್ಪಾಳೆ ಬಿದ್ದಿದ್ದು ನಾನು ನೋಡಿದ್ದು ಅದೇ ಮೊದ್ಲು."

ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಬಾಗಿಲ ಬಳಿ ಥ್ಯಾಕ್ಸ್ಟನ್, ಜೊತೆಗೆ ಕಸಾಯಿಗಳಂಥ ಅವರ ಇಬ್ಬರು ಗಂಡುಮಕ್ಕಳು. ಎದುರು ಗೋಡೆಗೆ ಕೇಸರಿ ಜಾಕೆಟ್ಟುಗಳ ಸಾಲು. ನಡುವೆ ಮೇಜು. ಮೇಜಿನ ಮೇಲೆ ಹನ್ನೊಂದರಲ್ಲಿ ಕೊನೆಗೆ ಉಳಿದ ಎರಡು ಟೋಪಿ, ಹಸಿರು ಮತ್ತು ಕೇಸರಿ. ಪಕ್ಕದಲ್ಲಿ ಚರ್ಚಿನ ಹ್ಯಾಟು ಧರಿಸಿದ ಮಿಸ್ ಆರ್ನೆಟಾ.

ಜೆರಿಕೊ ನನ್ನ ಕಡೆ ಬಗ್ಗಿದ.

"ಸಾರ್... ಯಾವ ಟೋಪಿ ಹಾಕಿದ್ರೆ ನಿಮ್ಗೆ ತೊಂದ್ರೆ ಆಗಲ್ಲ?"

ಇಡೀ ರಾಜ್ಯ ಅವನ ತಲೆಯ ಮೇಲೆ ಕಣ್ಣಿಟ್ಟಿತ್ತು. ಅವನು ನನ್ನ ತಲೆಯ ಬಗ್ಗೆ ಕೇಳುತ್ತಿದ್ದ!

ಒಂದು ಮಾತು ಸಾಕಿತ್ತು. ಹಸಿರು ಎಂದಿದ್ದರೆ ಹಾಕಿಕೊಳ್ಳುತ್ತಿದ್ದ. ನನ್ನ ಕೆಲಸ ಉಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು... ಕಾಲರ್ ಬಳಿ ಅವನು ಹಿಡಿದೆತ್ತಿದ್ದ ಜಾಗ ಇನ್ನೂ ನೋಯುತ್ತಿತ್ತು.

"ನನ್ ತೊಂದ್ರೆ ನಾನ್ ನೋಡ್ಕೋತೀನಿ. ನೀನು ಬಾಯ್ಬಿಡು. ಈ ಸಲ ಒಂದು ಪದ ಸಾಲಲ್ಲ ಮಗಾ. ಪೂರ್ತಿ ಹೇಳು."

ಅವನು ಮೈಕಿನ ಮುಂದೆ ನಿಂತ.

"ನಾನು ಲೈನ್‌ಮನ್ ಆಗ್ತೀನಿ."

ಹಸಿರಿನವರೂ ಕುಣಿದರು! ಕೇಸರಿಯವರೂ ಕುಣಿದರು! ಶಾಲೆಯ ಬ್ಯಾಂಡು ಊದಿತು!

ಅವನು ಎಲ್ಲ ಮುಗಿಯುವವರೆಗೆ ಕಾದ.

"ಕರೆಂಟ್ ಕಂಬದ್ದು."

ತುತ್ತೂರಿಯೊಂದು ಕೀಕ್ ಎಂದು ಸತ್ತಿತು. ಆಮೇಲೆ ಆ ಸಭಾಂಗಣದಲ್ಲಿ ಇಳಿದ ಮೌನವನ್ನು ಸಮ್ಮತಿಯೆಂದು ಯಾವ ಮೂರ್ಖನೂ ತಿಳಿಯುವಂತಿರಲಿಲ್ಲ.

ಮಿಸ್ ಆರ್ನೆಟಾ ಮೊಮ್ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತೋಳಿಗೆ ಫಟ್ಟನೆ ಬಾರಿಸಿದರು.

"ಮೊದ್ಲೇ ಹೇಳೋಕೆ ಏನಾಗಿತ್ತೋ ನಿಂಗೆ? ಹನ್ನೊಂದು ಜನಕ್ಕೆ ಅಡುಗೆ ಮಾಡಿ ಹಾಕಿದೀನಲ್ಲೋ!"

ಆಮೇಲೆ ಕ್ಯಾಮರಾಗಳಿಗೆ ಬೆನ್ನು ಹಾಕಿ, ಆ ತೋಳನ್ನೇ ಅಪ್ಪಿಕೊಂಡರು.

ಸಂಜೆಯೊಳಗೆ ಅವನ ಐದು ಸ್ಟಾರ್ ಎರಡಕ್ಕಿಳಿಯಿತು. ಅವನ ಕಾಲಿನ ಚಲನೆ ಮೊದಲಿಂದಲೂ ಸರಿಯಿರಲಿಲ್ಲವಂತೆ! ಹ್ಯಾಚೆಟ್ ರಿವರ್ ಕಾಲೇಜು, ಈ ವರ್ಷ ಸೇರಿದ ಹುಡುಗರ ಗುಂಪು ಇತಿಹಾಸದಲ್ಲೇ ಶ್ರೇಷ್ಠ ಎಂದು ಪ್ರಕಟಣೆ ಹೊರಡಿಸಿತು. ಪ್ರತಿ ವರ್ಷವೂ ಹೊರಡಿಸುತ್ತದೆ.

ಥ್ಯಾಕ್ಸ್ಟನ್ ನನ್ನನ್ನು ಕುಯ್ಯಲಿಲ್ಲ.

"ಕುಯ್ದ್ರೆ ಒಂದೇ ಸಲ ಮುಗಿಯುತ್ತೆ," ಎಂದರು ಮೆಲ್ಲಗೆ. ನನ್ನನ್ನು ಕ್ಷೇಮಾಧಿಕಾರಿ ಕೆಲಸದಿಂದ ತೆಗೆದು ಆಮೆ ವೇಷಕ್ಕೆ ಹಾಕಿದರು. ಪಂದ್ಯದ ದಿನ ರಬ್ಬರಿನ ಚಿಪ್ಪು ಹೊತ್ತು, ಮೈದಾನದಂಚಿನಲ್ಲಿ ಕುಣಿದು, ಜನರನ್ನು ಹುರಿದುಂಬಿಸಬೇಕು. ಹುರಿಯುತ್ತಿದ್ದದ್ದು ನಾನೊಬ್ಬನೇ.

ಮುಂದಿನ ಅಕ್ಟೋಬರ್. ಹೆಜ್ಜಾರ್ಲೆಗಳ ವಿರುದ್ಧ ರಾತ್ರಿ ಪಂದ್ಯ. ಆಚೆ ದಂಡೆಯಲ್ಲಿ ಕೇಸರಿ ಟೋಪಿಯ ಬ್ಲಾಲಾಕ್. ಇನ್ನೂ ಅರ್ಧ ಆಟ ಬಾಕಿಯಿತ್ತು. ಅವರು ನಲವತ್ತೈದು. ನಾವು ಸೊನ್ನೆ. ಜೋರು ಗಾಳಿ ಬೀಸಿತು. ಕ್ರೀಡಾಂಗಣದ ಹಿಂದೆ ಢಂ ಎಂದಿತು!

ಕಗ್ಗತ್ತಲು.

ಸ್ವಲ್ಪ ಹೊತ್ತಿಗೆ ಕರೆಂಟಿನವರ ಲಾರಿ ಬಂತು. ಉದ್ದನೆಯ ಕೋಲು ಹಿಡಿದು ಒಬ್ಬ ಇಳಿದ. ಹಳದಿ ಹೆಲ್ಮೆಟ್ಟು. ಮೈ ಅರ್ಧಕ್ಕಿಳಿದಿತ್ತು. ನಾನು ಆಮೆಯ ತಲೆ ಕಳಚಿ ಹತ್ತಿರ ಹೋದೆ. ಅವನು ನನ್ನ ಮುಖಕ್ಕೆ ಟಾರ್ಚ್ ಬಿಟ್ಟ.

"ಸಾರ್... ನೀವಾ?"

"ನಾನೇ ಕಣೋ. ಏನಾಗಿದೆ?"

"ಫ್ಯೂಸ್ ಸಾರ್. ಒಂದು ನಿಮಿಷದ ಕೆಲ್ಸ." ಜೆರಿಕೊ ಕೋಲನ್ನು ಮೇಲೆತ್ತಿ ತಡೆದ. "ಹಾಕ್ಲಾ?"

ನಾನು ಬಾಯಿ ತೆರೆಯುವ ಮೊದಲೇ, ಆ ವರ್ಷದಲ್ಲಿ ಮೊದಲ ಸಲ, ಆಮೆಗಳ ಅಭಿಮಾನಿಗಳೆಲ್ಲ ಕತ್ತಲಲ್ಲಿ ಎದ್ದು ನಿಂತು ಒಂದೇ ಕೊರಳಲ್ಲಿ ಕೂಗಿದರು: "ಹಾಕ್ಬೇಡ ಕಣೋ...!"